ಅಂದಾಜಿಗೆ ಅಳತೆಯೇ ಸಾಕ್ಷಿ

ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಎರೆಭೂಮಿಯಲ್ಲಿ ಬಿಳಿಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ ಅನುಭವಿಯಾದ ರೈತನು ಹೊಲದ ಬದುವಿನ ಮೇಲೆ ನಿಂತು, ಈ ಸಲ ಎಕರೆಗೆ ಇಷ್ಟು ಚೀಲ ಬಂದೀತು ಎಂದು ಹೇಳುವುದುಂಟು. ತೆನೆಯ ಗಾತ್ರ, ಸಾಲಿನ ದಟ್ಟಣೆ, ಬಿದ್ದ ಮಳೆ, ಉಳಿದ ಹಸಿ ಇವೆಲ್ಲವನ್ನೂ ಅವನು ಮನಸ್ಸಿನಲ್ಲಿಯೇ ಕೂಡಿಸಿ ಕಳೆದು ಆ ಮಾತನ್ನು ಆಡಿರುತ್ತಾನೆ. ಆ ಮಾತು ನಿಜವೋ ಅಲ್ಲವೋ ಎಂಬುದು ತಿಳಿಯುವುದು ರಾಶಿಯಾಗಿ, ಕಾಳು ಚೀಲ ಸೇರಿ, ತಕ್ಕಡಿ ಏರಿದ ಮೇಲೆ. ಪ್ರತಿವರ್ಷವೂ ತನ್ನ ಅಂದಾಜನ್ನು ತೂಕದೊಡನೆ ಹೋಲಿಸಿ ನೋಡುವವನ ಕಣ್ಣು ದಿನೇ ದಿನೇ ಹರಿತವಾಗುತ್ತದೆ. ಹೋಲಿಸಿ ನೋಡದವನ ಅಂದಾಜು ನಲವತ್ತು ವರ್ಷ ಕಳೆದರೂ ಊಹೆಯಾಗಿಯೇ ಉಳಿಯುತ್ತದೆ.

ವಿಜ್ಞಾನಿಗಳೂ ಎಂಜಿನಿಯರುಗಳೂ ಮಾಡುವ ಕೆಲಸ ಇದಕ್ಕಿಂತ ತೀರ ಬೇರೆಯಾದುದಲ್ಲ. ರೈತನು ಮನಸ್ಸಿನಲ್ಲಿ ಮಾಡಿದ ಲೆಕ್ಕವನ್ನು ಅವರು ಕಾಗದದ ಮೇಲೆ ಸೂತ್ರಗಳ ರೂಪದಲ್ಲಿ ಬರೆದಿಡುತ್ತಾರೆ; ಇಲ್ಲವೆ ಗಣಕಯಂತ್ರಕ್ಕೆ ಒಪ್ಪಿಸುತ್ತಾರೆ. ನಿಜಸ್ಥಿತಿಯನ್ನು ಹೀಗೆ ಸರಳಗೊಳಿಸಿ ಬರೆದ ಲೆಕ್ಕಕ್ಕೆ ಗಣಿತದ ಮಾದರಿ ಎಂದು ಹೆಸರು. ಸೇತುವೆ ಎಷ್ಟು ಭಾರ ತಾಳೀತು, ನದಿಗೆ ಎಷ್ಟು ನೆರೆ ಬಂದೀತು ಎಂಬಂಥ ಪ್ರಶ್ನೆಗಳಿಗೆ ಇಂಥ ಮಾದರಿಗಳೇ ಉತ್ತರ ಕೊಡುತ್ತವೆ. ಆದರೆ ಮಾದರಿ ಹೇಳಿದ ಉತ್ತರವನ್ನು ಎಷ್ಟರಮಟ್ಟಿಗೆ ನಂಬಬಹುದು? ಈ ಪ್ರಶ್ನೆಯನ್ನು ವಿಮಾನ ನಿಲ್ದಾಣದ ಒಂದು ಉದಾಹರಣೆಯ ಮೂಲಕ ವಿಚಾರಿಸೋಣ.

ವಿಮಾನವು ಆಕಾಶಕ್ಕೆ ಏರುವ ಮೊದಲು ವೇಗ ಪಡೆಯುವುದಕ್ಕೂ, ಇಳಿದ ಮೇಲೆ ವೇಗ ತಗ್ಗಿಸುವುದಕ್ಕೂ ನೇರವಾದ, ಗಟ್ಟಿಯಾದ, ಉದ್ದನೆಯ ಹಾದಿ ಬೇಕು. ಅದನ್ನು ಓಡುದಾರಿ ಅಥವಾ ರನ್‌ವೇ ಎನ್ನುತ್ತಾರೆ. ಹುಬ್ಬಳ್ಳಿಯ ವಿಮಾನ ನಿಲ್ದಾಣದಲ್ಲಿರುವ ಓಡುದಾರಿಯ ಉದ್ದ 2,600 ಮೀಟರು. ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ತಲಾ 4,000 ಮೀಟರು ಉದ್ದದ ಎರಡು ಓಡುದಾರಿಗಳಿವೆ. ಒಂದು ಗಂಟೆಯ ಅವಧಿಯಲ್ಲಿ ಒಂದು ಓಡುದಾರಿಯ ಮೇಲೆ ಸುರಕ್ಷಿತವಾಗಿ ಎಷ್ಟು ವಿಮಾನಗಳು ಇಳಿಯಬಹುದು, ಎಷ್ಟು ಮೇಲೇರಬಹುದು ಎಂಬ ಸಂಖ್ಯೆಯೇ ಅದರ ಸಾಮರ್ಥ್ಯ.

ಈ ಸಂಖ್ಯೆಯನ್ನು ಲೆಕ್ಕ ಹಾಕುವ ಬಗೆಯನ್ನು ನೋಡೋಣ. ಹೊಳೆಆಲೂರಿನ ನಿಲ್ದಾಣದಲ್ಲಿ ಮುಂದೆ ಹೋದ ರೈಲು ಹಳಿಯ ಆ ಭಾಗವನ್ನು ದಾಟುವವರೆಗೆ ಹಿಂದಿನ ರೈಲಿಗೆ ಸಿಗ್ನಲ್ ಬೀಳುವುದಿಲ್ಲ. ಅದರಂತೆ, ಓಡುದಾರಿಯ ಮೇಲೆ ಇಳಿದ ವಿಮಾನವು ಪಕ್ಕದ ದಾರಿಗೆ ಹೊರಳುವವರೆಗೆ ಹಿಂದಿನ ವಿಮಾನ ಇಳಿಯುವಂತಿಲ್ಲ. ಅಷ್ಟೇ ಅಲ್ಲ, ಆಕಾಶದಲ್ಲಿಯೂ ಅವುಗಳ ನಡುವೆ ಗೊತ್ತಾದ ಅಂತರವಿರಬೇಕು. ಈ ಅಂತರಗಳು ವಿಮಾನಗಳ ತೂಕಕ್ಕೆ ಅನುಸಾರವಾಗಿ ಬದಲಾಗುತ್ತವೆ. ಲೆಕ್ಕ ಸುಲಭವಾಗಲೆಂದು ನಾವು 6 ಕಿಲೋಮೀಟರು ಎಂದು ಇಟ್ಟುಕೊಳ್ಳೋಣ. ಇಳಿಯಲು ಬರುವ ವಿಮಾನದ ವೇಗ ಗಂಟೆಗೆ 240 ಕಿಲೋಮೀಟರು ಎನ್ನೋಣ. ಅಂದರೆ ನಿಮಿಷಕ್ಕೆ 4 ಕಿಲೋಮೀಟರು. ಆಗ 6 ಕಿಲೋಮೀಟರು ಸಾಗಲು 90 ಸೆಕೆಂಡು ಹಿಡಿಯುತ್ತದೆ. ಒಂದು ಗಂಟೆಗೆ 3,600 ಸೆಕೆಂಡುಗಳು. ಅದನ್ನು 90ರಿಂದ ಭಾಗಿಸಿದರೆ 40. ಗಂಟೆಗೆ 40 ವಿಮಾನಗಳು ಇಳಿಯಬಹುದು ಎಂದಾಯಿತು.

ಇದು ಅತ್ಯಂತ ಸರಳವಾದ ಮಾದರಿ. ಆದರೆ ಎಲ್ಲ ವಿಮಾನಗಳೂ ಒಂದೇ ಗಾತ್ರದವಲ್ಲ. ಹೆದ್ದಾರಿಯ ಅಂಚಿನಲ್ಲಿ ಸೈಕಲ್ ತುಳಿಯುವವನ ಪಕ್ಕದಲ್ಲಿ ದೊಡ್ಡ ಲಾರಿ ರಭಸದಿಂದ ಹಾದುಹೋದರೆ ಅವನು ಗಾಳಿಯ ಸೆಳೆತಕ್ಕೆ ತತ್ತರಿಸುತ್ತಾನೆ. ಅದೇ ರೀತಿ ಭಾರಿ ವಿಮಾನದ ರೆಕ್ಕೆಗಳ ತುದಿಯಿಂದ ಬಲವಾದ ಸುಳಿಗಾಳಿ ಹುಟ್ಟಿ ಅದರ ಹಿಂದೆ ಕೆಲಕಾಲ ಸುತ್ತುತ್ತಿರುತ್ತದೆ. ಆ ಸುಳಿಗೆ ಸಿಕ್ಕಿದ ಚಿಕ್ಕ ವಿಮಾನ ಮಗುಚಿಕೊಳ್ಳುವ ಅಪಾಯವುಂಟು. ಆದ್ದರಿಂದ ಭಾರಿ ವಿಮಾನದ ಹಿಂದೆ ಬರುವ ಚಿಕ್ಕ ವಿಮಾನವನ್ನು ಹೆಚ್ಚು ದೂರದಲ್ಲಿ ಇರಿಸುತ್ತಾರೆ. ಆ ದೂರ 10 ಕಿಲೋಮೀಟರು ಎಂದುಕೊಂಡರೆ ನಡುವಿನ ಕಾಲ 150 ಸೆಕೆಂಡು ಆಗುತ್ತದೆ. ನಾಲ್ಕು ಜೋಡಿಗಳಲ್ಲಿ ಒಂದು ಜೋಡಿ ಇಂಥದಾದರೆ ಸರಾಸರಿ ಕಾಲ 105 ಸೆಕೆಂಡು. ಗಂಟೆಗೆ 40 ಇದ್ದ ಸಂಖ್ಯೆ 34ಕ್ಕೆ ಇಳಿಯಿತು.

ಇನ್ನೊಂದು ಸಂಗತಿಯೂ ಇದೆ. ನಿಯಂತ್ರಣ ಗೋಪುರದಲ್ಲಿ ಕುಳಿತವರೂ ವಿಮಾನ ನಡೆಸುವವರೂ ಮನುಷ್ಯರೇ. ಅಂತರವನ್ನು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಕಾಯುವುದು ಯಾರಿಗೂ ಸಾಧ್ಯವಿಲ್ಲ. ಅಂತರವು ನಿಯಮಕ್ಕಿಂತ ಕಡಿಮೆಯಾಗಬಾರದೆಂದು ಅವರು ಸ್ವಲ್ಪ ಹೆಚ್ಚಾಗಿಯೇ ಬಿಡುತ್ತಾರೆ. ಇದಕ್ಕಾಗಿ 15 ಸೆಕೆಂಡು ಕೂಡಿಸಿದರೆ ಸರಾಸರಿ 120 ಸೆಕೆಂಡು ಆಗುತ್ತದೆ. ಸಾಮರ್ಥ್ಯವು ಗಂಟೆಗೆ 30 ಆಗುತ್ತದೆ. ಅದೇ ಓಡುದಾರಿ, ಅದೇ ವಿಮಾನಗಳು. ಆದರೂ ಮೂರು ಲೆಕ್ಕಗಳು 40, 34, 30 ಎಂಬ ಮೂರು ಉತ್ತರಗಳನ್ನು ಕೊಟ್ಟವು. ಮಾದರಿಯಲ್ಲಿ ಏನನ್ನು ಸೇರಿಸಿದೆವು, ಏನನ್ನು ಬಿಟ್ಟೆವು ಎಂಬುದರ ಮೇಲೆ ಉತ್ತರ ನಿಂತಿದೆ.

ಅಮೆರಿಕದ ಆಲ್ಫ್ರೆಡ್ ಬ್ಲೂಮ್‌ಸ್ಟೀನ್ ಎಂಬ ವಿದ್ವಾಂಸರು 1959ರಲ್ಲಿ ಪ್ರಕಟಿಸಿದ ಲೇಖನವು ಈ ಬಗೆಯ ಲೆಕ್ಕಕ್ಕೆ ತಳಹದಿ ಹಾಕಿತು. ಮುಂದಿನ ವಿಮಾನ ಯಾವುದು, ಹಿಂದಿನದು ಯಾವುದು ಎಂದು ಜೋಡಿ ಜೋಡಿಯಾಗಿ ನೋಡಬೇಕು. ವೇಗದ ವಿಮಾನದ ಹಿಂದೆ ನಿಧಾನದ್ದು ಬಂದರೆ ನಡುವಿನ ಅಂತರ ದಾರಿಯುದ್ದಕ್ಕೂ ಹಿಗ್ಗುತ್ತದೆ. ನಿಧಾನದ್ದರ ಹಿಂದೆ ವೇಗದ್ದು ಬಂದರೆ ಕುಗ್ಗುತ್ತದೆ. ಇವೆಲ್ಲವನ್ನೂ ಅವರ ಲೆಕ್ಕ ಗಣನೆಗೆ ತೆಗೆದುಕೊಂಡಿತು. ಮುಂದಿನ ದಶಕಗಳಲ್ಲಿ ಇದಕ್ಕಿಂತ ಬಹಳ ಜಟಿಲವಾದ ಮಾದರಿಗಳು ಬಂದಿವೆ. ಆದರೆ ಮಾದರಿ ಜಟಿಲವಾಯಿತೆಂದ ಮಾತ್ರಕ್ಕೆ ಅದು ನಿಜವಾಗುವುದಿಲ್ಲ. ಅದನ್ನು ಅಳತೆಯ ಒರೆಗಲ್ಲಿಗೆ ಹಚ್ಚಲೇಬೇಕು.

ಹಾಗಾದರೆ ಒಂದು ದಿನ ಹುಬ್ಬಳ್ಳಿಯ ನಿಲ್ದಾಣದಲ್ಲಿ ನಿಂತು, ಗಂಟೆಗೆ ಎಷ್ಟು ವಿಮಾನಗಳು ಬಂದವು ಹೋದವು ಎಂದು ಎಣಿಸಿದರೆ ಸಾಕಲ್ಲವೆ ಎಂದು ಯಾರಾದರೂ ಕೇಳಬಹುದು. ಸಾಲದು. ಏಕೆಂಬುದನ್ನು ಊರಿನ ಹಿಟ್ಟಿನ ಗಿರಣಿಯೇ ತಿಳಿಸುತ್ತದೆ. ಸಾಧಾರಣ ದಿನದಲ್ಲಿ ಗಿರಣಿಗೆ ಗಂಟೆಗೆ ನಾಲ್ಕು ಡಬ್ಬಿ ಕಾಳು ಬಂದರೆ ಗಿರಣಿಯ ಶಕ್ತಿ ನಾಲ್ಕು ಡಬ್ಬಿ ಎಂದು ಹೇಳಲಾಗದು. ಅಂದು ಬಂದ ಜನ ಅಷ್ಟೇ. ನಾಗರಪಂಚಮಿಯ ಮುಂಚಿನ ದಿನಗಳಲ್ಲಿ ಉಂಡಿಗೆ ಹಿಟ್ಟು ಮಾಡಿಸಲು ಡಬ್ಬಿಗಳ ಸಾಲು ಬಾಗಿಲಾಚೆ ಹಬ್ಬಿದಾಗ, ಯಂತ್ರ ಒಂದು ಕ್ಷಣವೂ ಬಿಡುವಿಲ್ಲದೆ ತಿರುಗುವಾಗ ಎಣಿಸಿದರೆ ಮಾತ್ರ ಅದರ ನಿಜವಾದ ಶಕ್ತಿ ತಿಳಿಯುತ್ತದೆ. ಮೊದಲನೆಯದು ಬೇಡಿಕೆಯ ಎಣಿಕೆ, ಎರಡನೆಯದು ಸಾಮರ್ಥ್ಯದ ಎಣಿಕೆ. ಓಡುದಾರಿಯ ಮಾದರಿಯನ್ನು ಪರೀಕ್ಷಿಸುವವರು ಕೂಡ ವಿಮಾನಗಳು ಸಾಲುಗಟ್ಟಿ ಕಾಯುತ್ತಿದ್ದ ಗಂಟೆಗಳನ್ನಷ್ಟೇ ಆರಿಸಿಕೊಳ್ಳಬೇಕು. ಬಿಡುವಿನ ಗಂಟೆಗಳನ್ನು ಬೆರೆಸಿದರೆ ಸರಿಯಾದ ಮಾದರಿಯೂ ತಪ್ಪೆಂದು ಕಾಣುತ್ತದೆ.

ಎರಡನೆಯ ಎಚ್ಚರಿಕೆಯೊಂದುಂಟು. ಗುರುಗಳು ಕಪ್ಪುಹಲಗೆಯ ಮೇಲೆ ಬಿಡಿಸಿ ತೋರಿಸಿದ ಲೆಕ್ಕವನ್ನೇ ಪರೀಕ್ಷೆಯಲ್ಲಿಯೂ ಕೊಟ್ಟರೆ ವಿದ್ಯಾರ್ಥಿಯ ತಿಳಿವಳಿಕೆ ಗೊತ್ತಾಗುವುದಿಲ್ಲ. ಅವನ ನೆನಪಿನ ಶಕ್ತಿ ಗೊತ್ತಾಗುತ್ತದೆ. ಅದರಂತೆ, ಯಾವ ದಿನಗಳ ಅಂಕಿಗಳನ್ನು ನೋಡಿ ಮಾದರಿಯನ್ನು ಹೊಂದಿಸಿದರೋ ಅದೇ ದಿನಗಳ ಅಂಕಿಗಳಿಂದ ಅದನ್ನು ಪರೀಕ್ಷಿಸಬಾರದು. ಮಾದರಿ ಹಿಂದೆಂದೂ ಕಾಣದ ದಿನಗಳ ಎಣಿಕೆಯನ್ನು ಅದರ ಮುಂದಿಡಬೇಕು.

ಈಗ ಪರೀಕ್ಷೆಯನ್ನು ಮಾಡಿದಂತೆ ಕಲ್ಪಿಸಿಕೊಳ್ಳೋಣ. ನಮ್ಮ ಮಾದರಿ ಗಂಟೆಗೆ 30 ಎಂದು ಹೇಳಿದೆ. ದಟ್ಟಣೆಯ ಐದು ಗಂಟೆಗಳಲ್ಲಿ ಕ್ರಮವಾಗಿ 28, 31, 27, 32, 27 ವಿಮಾನಗಳು ಇಳಿದವು ಎನ್ನೋಣ. ಮಾದರಿಯ ಸಂಖ್ಯೆಯಿಂದ ಇವನ್ನು ಕಳೆದರೆ ದೊರೆಯುವ ವ್ಯತ್ಯಾಸಗಳು 2, ಋಣ 1, 3, ಋಣ 2, 3. ಇವುಗಳನ್ನು ಕೂಡಿಸಿದರೆ 5, ಸರಾಸರಿ 1. ಅಂದರೆ ಮಾದರಿಯು ಒಟ್ಟಿನಲ್ಲಿ ಒಂದರಷ್ಟು ಹೆಚ್ಚು ಹೇಳುತ್ತದೆ. ಆದರೆ ಇಲ್ಲಿ ಧನ ಋಣಗಳು ಒಂದನ್ನೊಂದು ನುಂಗಿಹಾಕಿವೆ. ಚಿಹ್ನೆಯನ್ನು ಬಿಟ್ಟು ವ್ಯತ್ಯಾಸಗಳನ್ನಷ್ಟೇ ಕೂಡಿಸಿದರೆ 11, ಸರಾಸರಿ 2.2. ಮೊದಲನೆಯ ಸಂಖ್ಯೆ ಮಾದರಿಯು ಯಾವ ಕಡೆಗೆ ವಾಲಿದೆ ಎಂಬುದನ್ನು ಹೇಳಿದರೆ, ಎರಡನೆಯದು ಯಾವುದೇ ಗಂಟೆಯಲ್ಲಿ ಅದು ಎಷ್ಟು ತಪ್ಪಬಹುದು ಎಂಬುದನ್ನು ಹೇಳುತ್ತದೆ. ಇವೆರಡೂ ಬೇಕು.

ವ್ಯತ್ಯಾಸ ಎಷ್ಟು ಎಂದು ತಿಳಿದೊಡನೆ ಕೆಲಸ ಮುಗಿಯಲಿಲ್ಲ. ಅದು ಏಕೆ ಬಂತು ಎಂದು ವಿಚಾರಿಸಬೇಕು. 27 ವಿಮಾನಗಳು ಇಳಿದ ಆ ಎರಡು ಗಂಟೆಗಳಲ್ಲಿ ಬಿರುಸಾದ ಗಾಳಿ ಬೀಸುತ್ತಿತ್ತು ಎಂದುಕೊಳ್ಳಿ. ಆಗ ದೋಷದ ಮೂಲ ಗಾಳಿಯಲ್ಲಿರಬೇಕೆಂಬ ಸುಳಿವು ಸಿಗುತ್ತದೆ. ವಿಮಾನಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿಯೇ ಇಳಿಯುತ್ತವೆ. ಗಜೇಂದ್ರಗಡದ ಗುಡ್ಡಗಳ ಮೇಲೆ ವಿದ್ಯುತ್ತಿಗಾಗಿ ನಿಲ್ಲಿಸಿರುವ ಗಾಳಿಯಂತ್ರಗಳನ್ನು ಭರದಿಂದ ತಿರುಗಿಸುವಂಥ ಗಾಳಿ ಎದುರಿಗೆ ಗಂಟೆಗೆ 40 ಕಿಲೋಮೀಟರು ವೇಗದಿಂದ ಬೀಸಿದರೆ, 240 ಕಿಲೋಮೀಟರು ವೇಗದ ವಿಮಾನವು ನೆಲದ ಮೇಲಿನಿಂದ ನೋಡಿದವರಿಗೆ 200 ಕಿಲೋಮೀಟರು ವೇಗದಲ್ಲಿ ಬಂದಂತಾಗುತ್ತದೆ. ಆಗ 6 ಕಿಲೋಮೀಟರು ಸಾಗಲು 90ರ ಬದಲು 108 ಸೆಕೆಂಡು ಬೇಕು. ನಮ್ಮ ಮೊದಲ ಸರಳ ಲೆಕ್ಕದ 40 ಎಂಬ ಸಂಖ್ಯೆಯೂ 33ಕ್ಕೆ ಇಳಿಯುತ್ತದೆ. ಗಾಳಿಯನ್ನು ಮರೆತ ಮಾದರಿಯು ಗಾಳಿಯ ದಿನ ತಪ್ಪುವುದು ಸಹಜವೇ ಸರಿ.

ಇದು ಬರಿಯ ಕಲ್ಪನೆಯಲ್ಲ. ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಎದುರುಗಾಳಿಯ ದಿನಗಳಂದು ಇಳಿಯುವ ವಿಮಾನಗಳ ಸಂಖ್ಯೆ ಕುಗ್ಗಿ, ಅನೇಕ ವಿಮಾನಗಳು ತಡವಾಗುತ್ತಿದ್ದವು. ಬಲವಾದ ಗಾಳಿಯಲ್ಲಿ ಭಾರಿ ವಿಮಾನಗಳ ಹಿಂದಿನ ಸುಳಿ ಬೇಗ ಚದುರಿಹೋಗುತ್ತದೆ ಎಂಬುದನ್ನು ಅಳತೆಗಳಿಂದ ಕಂಡುಕೊಂಡರು. ಆ ಬಳಿಕ 2015ರಲ್ಲಿ, ವಿಮಾನಗಳ ನಡುವೆ ಇಷ್ಟು ದೂರವಿರಬೇಕು ಎಂಬ ನಿಯಮದ ಬದಲು ಇಷ್ಟು ಸೆಕೆಂಡು ಇರಬೇಕು ಎಂಬ ಕ್ರಮವನ್ನು ಅಲ್ಲಿ ಜಾರಿಗೆ ತಂದರು. ಲೆಕ್ಕಕ್ಕೂ ಎಣಿಕೆಗೂ ನಡುವೆ ಕಂಡ ವ್ಯತ್ಯಾಸವನ್ನು ಮುಚ್ಚಿಡದೆ ಅದರ ಬೆನ್ನು ಹತ್ತಿದವರಿಗೆ ಹೊಸ ದಾರಿಯೇ ಗೋಚರಿಸಿತು.

ಒಂದು ಊರಿನಲ್ಲಿ ಒಪ್ಪುವ ಸಂಖ್ಯೆ ಇನ್ನೊಂದು ಊರಿಗೆ ಒಪ್ಪುತ್ತದೆಂಬ ಭರವಸೆಯೂ ಇಲ್ಲ. ಲಂಡನ್ನಿನ ಗ್ಯಾಟ್‌ವಿಕ್ ನಿಲ್ದಾಣವು ಒಂದೇ ಓಡುದಾರಿಯಿಂದ ದಟ್ಟಣೆಯ ಗಂಟೆಯಲ್ಲಿ ಏರುವ ಇಳಿಯುವ ವಿಮಾನಗಳೆಲ್ಲ ಸೇರಿ 55ರವರೆಗೆ ನಿಭಾಯಿಸುತ್ತ ಬಂದಿದೆ. ಉತ್ತರ ಕರ್ನಾಟಕದ ಎಷ್ಟೋ ಕುಟುಂಬಗಳು ದುಡಿಮೆಗಾಗಿ ಹೋಗಿ ನೆಲೆಸಿರುವ ಮುಂಬಯಿಯಲ್ಲಿ ಹಳೆಯ ವಿಮಾನ ನಿಲ್ದಾಣಕ್ಕೆ ಎರಡು ಓಡುದಾರಿಗಳಿದ್ದರೂ ಅವು ಒಂದನ್ನೊಂದು ಅಡ್ಡಹಾಯುತ್ತವೆ. ಆದಕಾರಣ ಎರಡನ್ನೂ ಏಕಕಾಲಕ್ಕೆ ಬಿಡುಬೀಸಾಗಿ ಬಳಸಲಾಗದು. ಅಲ್ಲಿ ದಟ್ಟಣೆಯ ಗಂಟೆಗೆ 46 ಎಂದು ನಿಗದಿಯಾಗಿತ್ತು. 2018ರ ಡಿಸೆಂಬರಿನಲ್ಲಿ ಒಂದೇ ದಿನ 1,007 ವಿಮಾನಗಳ ಏರಿಳಿತವನ್ನು ನಿರ್ವಹಿಸಿ ಆ ನಿಲ್ದಾಣವು ದಾಖಲೆಯನ್ನೂ ಸ್ಥಾಪಿಸಿತು.

ಆದರೆ ದಾಖಲೆಯ ದಿನ ಬೇರೆ, ದಿನನಿತ್ಯದ ಬಾಳು ಬೇರೆ. ಕಾಲಕ್ರಮದಲ್ಲಿ ಮುಂಬಯಿಯ ಮೇಲೆ ವಿಮಾನಗಳು ಇಳಿಯಲು ಅವಕಾಶವಿಲ್ಲದೆ 40ರಿಂದ 60 ನಿಮಿಷಗಳವರೆಗೆ ಆಕಾಶದಲ್ಲಿಯೇ ಸುತ್ತು ಹಾಕುವ ಸ್ಥಿತಿ ಒದಗಿತು. ವಿಮಾನವೊಂದು ಗಂಟೆಗೆ ಸರಾಸರಿ 2,000 ಕಿಲೋಗ್ರಾಂ ಇಂಧನವನ್ನು ಸುಡುತ್ತದೆಂದೂ, ಹೀಗೆ ಸುತ್ತುವುದರಿಂದ ಒಂದೊಂದು ವಿಮಾನಕ್ಕೆ ಸುಮಾರು 1,700ರಿಂದ 2,500 ಲೀಟರು ಇಂಧನ ವ್ಯರ್ಥವಾಗುತ್ತದೆಂದೂ ಕೇಂದ್ರದ ನಾಗರಿಕ ವಿಮಾನಯಾನ ಸಚಿವಾಲಯ ತಿಳಿಸಿತು. 2024ರ ಆರಂಭದಲ್ಲಿ ದಟ್ಟಣೆಯ ಗಂಟೆಗಳ ಸಂಖ್ಯೆಯನ್ನು 46ರಿಂದ 44ಕ್ಕೂ, ಉಳಿದ ಗಂಟೆಗಳದನ್ನು 44ರಿಂದ 42ಕ್ಕೂ ಇಳಿಸಲಾಯಿತು. ಗಂಟೆಗೆ ಎರಡೇ ವಿಮಾನಗಳ ಅಂತರ! ಕಾಗದದ ಮೇಲೆ ಅದು ಅಲ್ಪವೆಂದು ತೋರಬಹುದು. ಆದರೆ ಪ್ರತಿ ಗಂಟೆಯೂ ಎರಡು ವಿಮಾನಗಳು ಮಿಕ್ಕುತ್ತ ಹೋದರೆ ಐದು ಗಂಟೆಗಳಲ್ಲಿ ಹತ್ತು ವಿಮಾನಗಳು ಸಾಲಿನಲ್ಲಿ ನಿಂತಿರುತ್ತವೆ. ನೆಲದ ಮೇಲಿನ ಬಂಡಿಯಾದರೆ ದಾರಿಯ ಪಕ್ಕದಲ್ಲಿ ನಿಂತೀತು. ಆಕಾಶದಲ್ಲಿರುವ ವಿಮಾನ ನಿಲ್ಲುವಂತಿಲ್ಲ. ಅದರ ಇಂಧನ ಕ್ಷಣಕ್ಷಣಕ್ಕೂ ಕರಗುತ್ತಿರುತ್ತದೆ.

ಅಂದಾಜು ಕಡಿಮೆಯಾದರೂ ನಷ್ಟವೇ. ಬೆಂಗಳೂರಿನ ದೇವನಹಳ್ಳಿಯ ಬಳಿಯ ನಿಲ್ದಾಣವು 2008ರ ಮೇ ತಿಂಗಳಲ್ಲಿ ಒಂದೇ ಓಡುದಾರಿಯೊಡನೆ ಆರಂಭವಾಯಿತು. ಎರಡನೆಯದು 2019ರ ಡಿಸೆಂಬರಿನಲ್ಲಿ ಬಳಕೆಗೆ ಬಂತು. 2023-24ರಲ್ಲಿ ಅಲ್ಲಿಂದ ಸುಮಾರು 3.75 ಕೋಟಿ ಜನ ಪ್ರಯಾಣ ಮಾಡಿದರು. ಹೊಸ ಓಡುದಾರಿಯೊಂದನ್ನು ಯಾವಾಗ ಕಟ್ಟಬೇಕು ಎಂಬ ನಿರ್ಧಾರಕ್ಕೆ ಹಳೆಯದರ ಸಾಮರ್ಥ್ಯ ಎಷ್ಟು ಎಂಬ ಅಂದಾಜೇ ಆಧಾರ. ಅಂದಾಜು ಅತಿಯಾದರೆ ಓಡುದಾರಿ ತಡವಾಗಿ ಬರುತ್ತದೆ, ಪ್ರಯಾಣಿಕರು ಕಾಯುತ್ತಾರೆ. ಅಂದಾಜು ಕೊರತೆಯಾದರೆ ಅಗತ್ಯಕ್ಕೆ ಮೊದಲೇ ಅಪಾರ ಹಣವೂ ನಾಲ್ಕು ಕಿಲೋಮೀಟರು ಉದ್ದದ ನೆಲವೂ ಅದಕ್ಕೆ ಮೀಸಲಾಗುತ್ತವೆ. ಒಮ್ಮೆ ಕಾಂಕ್ರೀಟು, ಡಾಂಬರು ಹಾಸಿದ ನೆಲದಲ್ಲಿ ಮತ್ತೆ ಬೆಳೆ ತೆಗೆಯುವುದು ಸುಲಭವಲ್ಲ. ಹೀಗೆ ಒಂದು ಸಂಖ್ಯೆಯ ಹಿಂದೆ ಜನರ ಸುರಕ್ಷತೆ, ನಾಡಿನ ಹಣ, ನೆಲದ ಬಾಳು ಇವು ಮೂರೂ ನಿಂತಿರುತ್ತವೆ.

ಮಾದರಿಗಳು ತಪ್ಪುತ್ತವೆ ಎಂದ ಮಾತ್ರಕ್ಕೆ ಅವು ನಿರುಪಯುಕ್ತ ಎಂದು ತಿಳಿಯಬಾರದು. ಇನ್ನೂ ಕಟ್ಟದ ಓಡುದಾರಿಯ ಮೇಲೆ ವಿಮಾನಗಳನ್ನು ಇಳಿಸಿ ಎಣಿಸಲು ಯಾರಿಗೂ ಬಾರದು. ಅಲ್ಲಿ ಲೆಕ್ಕವೇ ನಮಗೆ ಕಣ್ಣು. ಆದರೆ ಆ ಕಣ್ಣಿಗೆ ಎಷ್ಟು ದೂರ ಕಾಣುತ್ತದೆ, ಎಲ್ಲಿ ಮಸುಕಾಗುತ್ತದೆ ಎಂಬುದನ್ನು ಮೊದಲೇ ಪರೀಕ್ಷಿಸಿ ಇಟ್ಟುಕೊಂಡಿರಬೇಕು. ಗಂಟೆಗೆ 30 ಎಂದು ಖಂಡಿತವಾಗಿ ಸಾರುವವನಿಗಿಂತ, ಗಂಟೆಗೆ 30, ಎರಡು ಮೂರು ಹೆಚ್ಚುಕಡಿಮೆಯಾದೀತು, ಬಿರುಗಾಳಿಯ ದಿನ ಈ ಮಾತು ನಡೆಯದು ಎಂದು ಹೇಳುವವನು ಹೆಚ್ಚು ನಂಬಿಕೆಗೆ ಅರ್ಹನು. ತನ್ನ ಲೆಕ್ಕದ ಮಿತಿಯನ್ನು ಹೇಳಿಕೊಳ್ಳುವುದು ದೌರ್ಬಲ್ಯವಲ್ಲ. ಅದು ವಿಜ್ಞಾನದ ಶೀಲ.

ಮುಂದೆ ನೀವು ಯಾವುದೇ ವೃತ್ತಿಯನ್ನು ಹಿಡಿದರೂ ಅಂಕಿಅಂಶಗಳು ನಿಮ್ಮ ಎದುರಿಗೆ ಬರುತ್ತಲೇ ಇರುತ್ತವೆ. ಈ ಸಂಖ್ಯೆಯನ್ನು ಹೇಗೆ ಲೆಕ್ಕ ಹಾಕಿದರು? ಏನನ್ನು ಬಿಟ್ಟುಬಿಟ್ಟರು? ಇದನ್ನು ಎಲ್ಲಿ, ಯಾವಾಗ ಅಳೆದು ನೋಡಿದರು? ಎಷ್ಟು ತಪ್ಪಿತು? ಈ ನಾಲ್ಕು ಪ್ರಶ್ನೆಗಳನ್ನು ವಿನಯದಿಂದ ಆದರೆ ಬಿಡದೆ ಕೇಳುವ ಅಭ್ಯಾಸವನ್ನು ಇಂದಿನಿಂದಲೇ ರೂಢಿಸಿಕೊಳ್ಳಬೇಕು.

ಅಭ್ಯಾಸ

1. ಓಡುದಾರಿಯ ಸಾಮರ್ಥ್ಯ ಎಂದರೇನು? ಭಾರಿ ವಿಮಾನದ ಹಿಂದೆ ಬರುವ ಚಿಕ್ಕ ವಿಮಾನವನ್ನು ಹೆಚ್ಚು ದೂರದಲ್ಲಿ ಇರಿಸುವುದೇಕೆ?

2. ಬೇಡಿಕೆಯ ಎಣಿಕೆಗೂ ಸಾಮರ್ಥ್ಯದ ಎಣಿಕೆಗೂ ಇರುವ ವ್ಯತ್ಯಾಸವನ್ನು ಹಿಟ್ಟಿನ ಗಿರಣಿಯ ಉದಾಹರಣೆಯಿಂದ ವಿವರಿಸಿರಿ.

3. ವಿಮಾನಗಳ ನಡುವಿನ ಅಂತರ 6 ಕಿಲೋಮೀಟರು, ವೇಗ ಗಂಟೆಗೆ 240 ಕಿಲೋಮೀಟರು, ಎದುರುಗಾಳಿ ಗಂಟೆಗೆ 60 ಕಿಲೋಮೀಟರು ಇದ್ದರೆ ಗಂಟೆಗೆ ಎಷ್ಟು ವಿಮಾನಗಳು ಇಳಿಯಬಹುದು?

4. ಅಂದಾಜು ಅತಿಯಾದರೆ ಆಗುವ ಹಾನಿ ಯಾವುದು? ಕೊರತೆಯಾದರೆ ಆಗುವ ಹಾನಿ ಯಾವುದು? ಪಾಠದ ಆಧಾರದಿಂದ ಬರೆಯಿರಿ.

5. ನಿಮ್ಮ ಊರಿನ ಗಿರಣಿಯಲ್ಲಾಗಲಿ, ಶಾಲೆಯ ನಲ್ಲಿಯ ಬಳಿಯಲ್ಲಾಗಲಿ ಒಂದು ಗಂಟೆಯಲ್ಲಿ ಎಷ್ಟು ಜನರ ಸರದಿ ಮುಗಿಯಬಹುದೆಂದು ಮೊದಲು ಲೆಕ್ಕ ಹಾಕಿ ಬರೆದಿಡಿರಿ. ಸಾಲು ಇರುವ ಹೊತ್ತಿನಲ್ಲಿ ಐದು ದಿನ ಎಣಿಸಿ, ನಿಮ್ಮ ಅಂದಾಜು ಎಷ್ಟು ತಪ್ಪಿತು, ಏಕೆ ತಪ್ಪಿತು ಎಂಬುದನ್ನು ತರಗತಿಯಲ್ಲಿ ಚರ್ಚಿಸಿರಿ.